ಹೆಸರು ಕೇಳಲು ಬಂದವನು

"ನೀನು ನನ್ನ ಹೆಸರು ಹಿಡಿದು ಕರೆದು ಎಷ್ಟು ದಿನ ಆಯ್ತು ಹೇಳು ನೋಡೋಣ" ಎಂದು ಸ್ತುರ್ಲಾ ಕೇಳಿದ್ದು ಭಾನುವಾರ ಬೆಳಿಗ್ಗೆ, ತಿಂಡಿಯ ಮೇಜಿನ ಮುಂದೆ.

ಎಯ್ದಿಸ್ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ತಲೆ ಎತ್ತಲಿಲ್ಲ.

"ದಿನಾ ಕರೀತೀನಲ್ಲ."

"ಕರಡಿ ಅಂತೀಯ. ಏಯ್ ಅಂತೀಯ. ನಿನ್ನೆ ಅಂಗಡೀಲಿ ಸೀಟಿ ಹೊಡೆದೆ. ನನಗಿಂತ ಮೊದಲು ಯಾರದೋ ನಾಯಿ ತಿರುಗಿ ನೋಡ್ತು."

ಅವಳಿಗೆ ನಗು ಬಂತು. ಅವನೂ ನಕ್ಕ. ನಗುವಾಗ ಸ್ತುರ್ಲಾನ ಎಡಗಣ್ಣು ಬಲಗಣ್ಣಿಗಿಂತ ಒಂದು ಚೂರು ಮೊದಲೇ ಮುಚ್ಚಿಕೊಳ್ಳುತ್ತದೆ. ಮೂರು ವರ್ಷದ ಹಿಂದೆ ರಾಜಧಾನಿಯಿಂದ ಈ ಪೂರ್ವ ಕರಾವಳಿಯ ಊರಿಗೆ ಒಂದು ಬೇಸಿಗೆಯ ಮಟ್ಟಿಗೆ ಬಂದ ಎಯ್ದಿಸ್ ಇಲ್ಲೇ ನಿಂತುಬಿಟ್ಟದ್ದು ಆ ಎಡಗಣ್ಣಿನ ದೆಸೆಯಿಂದ. ಊರಿನವರು ಈಜುಕೊಳದ ಕೆಲಸ ಸಿಕ್ಕಿತೆಂದು ನಿಂತಳು ಎನ್ನುತ್ತಾರೆ. ಹೇಳಿಕೊಳ್ಳಲಿ ಬಿಡಿ.

ಅವನು ಫೋನು ತೆಗೆದು ಹೊಸದಾಗಿ ಒಪ್ಪಿಗೆಯಾದ ಹೆಸರುಗಳ ಪಟ್ಟಿ ಓದತೊಡಗಿದ. ಐಸ್‌ಲ್ಯಾಂಡಿನಲ್ಲಿ ಬಾಯಿಗೆ ಬಂದ ಹೆಸರನ್ನು ಮನುಷ್ಯರಿಗೆ ಇಡಲಾಗುವುದಿಲ್ಲ; ಹೊಸ ಹೆಸರಾದರೆ ಸಮಿತಿ ಒಪ್ಪಬೇಕು. ಒಪ್ಪಿದ ಪಟ್ಟಿ ಹೊರಬಿದ್ದ ದಿನ ಮನೆಮನೆಯಲ್ಲೂ ಕಾಫಿಯ ಜೊತೆಗೆ ಅದೇ ಮಾತು.

"ಕೇಳು. ಫ್ರೊಸ್ಟ್‌ಸೋಲ್. ಹಿಮ ಬಿದ್ದ ದಿನದ ಸೂರ್ಯ ಅಂತ ಅರ್ಥ. ಹೆಣ್ಣಿನ ಹೆಸರು."

ಎಯ್ದಿಸ್‌ಳ ಕೈಯಲ್ಲಿದ್ದ ಚಾಕು ನಿಂತಿತು.

"ಇಷ್ಟ ಆಯ್ತಾ?"

"ಆದರೆ ಏನೀಗ? ಯಾರಿಗೆ ಇಡೋಕೆ?"

"ನಂಗೇನು ಗೊತ್ತು. ಚಾಕು ನಿಂತಿತಲ್ಲ, ಅದಕ್ಕೆ ಕೇಳಿದೆ" ಎಂದು ಅವನು ಅವಳನ್ನೇ ನೋಡಿದ. ಅವಳ ಕಿವಿ ಕೆಂಪಾಯಿತು. ಬಚ್ಚಲಿನ ಕಪಾಟಿನಲ್ಲಿ, ಟವೆಲ್ಲುಗಳ ಹಿಂದೆ, ಎರಡು ಗೆರೆ ಮೂಡಿದ ಪ್ಲಾಸ್ಟಿಕ್ ಕಡ್ಡಿಯೊಂದು ಮೂರು ದಿನದಿಂದ ಕೂತಿತ್ತು. ಅವನಿಗೆ ಇನ್ನೂ ಹೇಳಿರಲಿಲ್ಲ. ಹೇಳಲು ಬಾಯಿ ತೆರೆದಾಗಲೆಲ್ಲ ಹೆದರಿ ಬೇರೇನೋ ಮಾತು ತೆಗೆಯುತ್ತಿದ್ದಳು.

ಅವನು ಮುಂದಿನದಕ್ಕೆ ಹೋದ. "ಮೋಬೆರ್ಗ್. ಕಂದು ಬಂಡೆ. ಗಂಡಸಿನದು. ಒಳನಾಡಿನ ಬಂಡೆ ಇರಬೇಕು, ಪಾಪ, ಹುಟ್ಟಿದಾಗಿಂದ ಸಮುದ್ರದ ಮುಖ ನೋಡಿಲ್ಲ."

"ಆ ಹೆಸರು ನೀನೇ ಇಟ್ಕೋಬಾರದಾ?"

ತಮಾಷೆಯೆಂದುಕೊಂಡು ಅವನ ಎಡಗಣ್ಣು ಮುಚ್ಚಲು ಹೊರಟಿತ್ತು. ಅವಳ ಮುಖ ನೋಡಿ ಅರ್ಧಕ್ಕೇ ನಿಂತಿತು.

ನಿಜ ಹೇಳಬೇಕೆಂದರೆ ಅವಳು ಅವನ ಹೆಸರೆತ್ತದೆ ನಾಲ್ಕು ತಿಂಗಳಾಗಿತ್ತು. ಶರತ್ಕಾಲದಲ್ಲಿ ಒಂದು ಸಂಜೆ, ಇಗರ್ಜಿಯ ಹಿಂದೆ, ಸಮುದ್ರದಲ್ಲಿ ಹೋದವರ ಸ್ಮಾರಕಶಿಲೆಯನ್ನು ಅವಳು ಮೊದಲ ಸಲ ಪೂರ್ತಿ ಓದಿದ್ದಳು. ಅದರಲ್ಲಿ ಇಬ್ಬರು ಸ್ತುರ್ಲಾಗಳಿದ್ದರು. ಒಬ್ಬ ಅವನ ಅಜ್ಜ, ಇನ್ನೊಬ್ಬ ಅವನ ಚಿಕ್ಕಪ್ಪ. ಆ ಹೆಸರಿಗೆ ಅರ್ಥವೇನೆಂದು ಹುಡುಕಿದಳು. ಕದಡುವವನು, ನೆಮ್ಮದಿಯಿಲ್ಲದವನು ಎಂದಿತ್ತು. ಅಲ್ಲಿಂದಾಚೆಗೆ ಅವಳ ನಾಲಿಗೆ ಆ ಹೆಸರಿಗೆ ತಿರುಗಲಿಲ್ಲ.

"ನನಗೆ ಭಯ ಆಗುತ್ತೆ" ಎಂದಳು. "ಆ ಹೆಸರು ಹೊತ್ತು ದೋಣಿ ಹತ್ತಿದವರು ಇಬ್ಬರೂ ವಾಪಸ್ ಬಂದಿಲ್ಲ."

"ನಾನು ಹತ್ತು ವರ್ಷದಿಂದ ವಾಪಸ್ ಬರ್ತಿದೀನಲ್ಲ."

"ಅವರೂ ಬರ್ತಿದ್ದರು. ಬರೋದು ನಿಲ್ಲೋವರೆಗೂ."

ಅವನು ಕಾಫಿ ಅರ್ಧಕ್ಕೆ ಬಿಟ್ಟು ಎದ್ದ. ಜಗಳವಾಡುವ ಜಾತಿಯವನಲ್ಲ, ಜಗಳವಾಡಿದ್ದರೆ ವಾಸಿಯಿತ್ತು. ಸೋಮವಾರ ನಸುಕಿನಲ್ಲಿ 'ಲೋವಾ' ದೋಣಿಯಲ್ಲಿ ಇನ್ನೂ ಮೂವರ ಜೊತೆ ಹೊರಟುಹೋದ. ಹೋಗುವಾಗ ಅವಳ ಹಣೆಗೆ ಮುತ್ತಿಟ್ಟ. ಅವಳು ನಿದ್ದೆಯ ನಟನೆ ಮಾಡಿದಳು.

ಬುಧವಾರ ಸಂಜೆ ಅವನಿಂದ ಒಂದು ಸಂದೇಶ ಬಂತು. "ಹೆಸರು ಬದಲಿಗೆ ಅರ್ಜಿ ಹಾಕಿದೆ, ಫೋನಿನಲ್ಲೇ. ದಡಕ್ಕೆ ಬರುವಾಗ ನಾನು ಸ್ತುರ್ಲಾ ಆಗಿರಲ್ಲ. ಇನ್ನಾದರೂ ಚೆನ್ನಾಗಿ ನಿದ್ದೆ ಮಾಡು."

ಕೇಳಿದ್ದು ಸಿಕ್ಕಿದ ಮೇಲೆ ಖುಷಿಯಾಗಬೇಕಿತ್ತು. ಆದರೆ ಎರಡನೆಯ ಸಾಲನ್ನು ಓದಿದಾಗಲೆಲ್ಲ ಅದು ಅವಳಿಗೆ ಬೇರೆಯದೇ ಅರ್ಥದಲ್ಲಿ ಕೇಳಿಸುತ್ತಿತ್ತು. ನಿದ್ದೆಯಂತೂ ಆ ರಾತ್ರಿ ಹತ್ತಿರ ಸುಳಿಯಲಿಲ್ಲ.

ಗುರುವಾರ ಬೆಳಿಗ್ಗೆ ಈಶಾನ್ಯದ ಗಾಳಿ ಎದ್ದಿತು. ಈ ಊರಿನ ಹೆಂಗಸರ ಫೋನಿನಲ್ಲಿ ದೋಣಿಗಳ ನಕ್ಷೆಯೊಂದು ಇದ್ದೇ ಇರುತ್ತದೆ. ಪ್ರತಿ ದೋಣಿಗೂ ಒಂದೊಂದು ಚುಕ್ಕಿ. ಲೋವಾ ಮಧ್ಯಾಹ್ನದ ಹೊತ್ತಿಗೆ ಬರಬೇಕಿತ್ತು. ಹನ್ನೊಂದೂ ನಲವತ್ತಕ್ಕೆ ಅದರ ಚುಕ್ಕಿ ನಿಂತಲ್ಲೇ ನಿಂತಿತು. ಹನ್ನೆರಡೂವರೆಗೆ ನಕ್ಷೆಯಿಂದಲೇ ಹೋಯಿತು. ಫೋನು ಮಾಡಿದರೆ ಯಾರೋ ಹೆಂಗಸಿನ ದನಿ, ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದು ಅದನ್ನೇ ಹೇಳಿತು. ಬಂದರಿಗೆ ಫೋನು ಮಾಡಿದಳು. "ರೇಡಿಯೋದಲ್ಲಿ ಕರೀತಾನೇ ಇದೀವಿ. ಇನ್ನೂ ಉತ್ತರ ಇಲ್ಲ. ಸಿಕ್ಕಿದ ಕೂಡಲೇ ಹೇಳ್ತೀವಿ" ಎಂದರು.

ನಾಲ್ಕಕ್ಕೆ ಕೊಳದಲ್ಲಿ ಅವಳ ಪಾಳಿ. ಸೋಫಾದ ಮೇಲೆ ಸ್ವಲ್ಪ ಒರಗಿದಳು. ಹೆದರಿ ಹೆದರಿ ಸುಸ್ತಾದ ಮೈಗೆ ಯಾವಾಗಲೋ ಜೋಂಪು ಹತ್ತಿತು.

ಬಾಗಿಲಲ್ಲಿ ಅವನು ನಿಂತಿದ್ದ. ಗಡ್ಡದಿಂದ ನೀರು ಇಳಿಯುತ್ತಿತ್ತು, ನೆಲ ಮಾತ್ರ ಒದ್ದೆಯಾಗಿರಲಿಲ್ಲ. ಅದೇ ಕೆಂಗಡ್ಡ, ಅದೇ ಹುಬ್ಬು. ನಗುತ್ತಿರಲಿಲ್ಲ. ಊಟಕ್ಕೆ ಕೂತವರು ಪಕ್ಕದವರನ್ನು ಉಪ್ಪು ಕೇಳುವ ಹಾಗೆ, ಸಂಕೋಚದಿಂದ ಕೇಳಿದ: "ನನ್ನ ಹೆಸರು ಕೊಡ್ತೀಯಾ?" ಎರಡೂ ಕೈ ಮುಂದೆ ಚಾಚಿದ. ಒಂದೊಂದು ಕೈಗೂ ಎರಡೆರಡು ಹೆಬ್ಬೆರಳಿದ್ದವು.

ಎಯ್ದಿಸ್ ಎಚ್ಚೆತ್ತಾಗ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು.

ಈ ನೆಲದಲ್ಲಿ ಹುಟ್ಟಿದ ಹೆಣ್ಣಿಗೆ ಆ ಕನಸಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬಸುರಿಯ ಕನಸಿನಲ್ಲಿ ಯಾರಾದರೂ ಬಂದು ನಿಂತರೆ, ಹುಟ್ಟುವ ಮಗುವಿಗೆ ತಮ್ಮ ಹೆಸರನ್ನಿಡು ಎಂದು ಕೇಳಲು ಬಂದಿದ್ದಾರೆಂದೇ ಲೆಕ್ಕ. ಇಲ್ಲವೆಂದರೆ ಮಗುವಿಗೆ ಒಳ್ಳೆಯದಾಗುವುದಿಲ್ಲವೆಂದು ಅಜ್ಜಿಯರು ಹೇಳುತ್ತಾರೆ. ಹಾಗೆ ಬರುವವರು ಸತ್ತವರು. ಬದುಕಿದ್ದವರು ಯಾಕೆ ಬರುತ್ತಾರೆ? ಅವರ ಹೆಸರು ಅವರ ಹತ್ತಿರವೇ ಇರುತ್ತದಲ್ಲ.

ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆಂದು ಅವಳು ಕೋಟು ಸಿಕ್ಕಿಸಿಕೊಂಡು ಕೊಳಕ್ಕೆ ಹೋದಳು. ಈಜಲು ಬಂದವರಿಗೆ ಬಟ್ಟೆ ಕಪಾಟಿನ ಕೀಲಿ ಹಂಚಿದಳು. ಯಾರಿಗೋ ಎರಡು ಕೀಲಿ ಕೊಟ್ಟಳು, ಇನ್ನಾರಿಗೋ ಕೊಡಲೇ ಇಲ್ಲ. ಕಡೆಗೆ ತಡೆಯಲಾರದೆ ಹೊರಗಿನ ಬಿಸಿನೀರಿನ ತೊಟ್ಟಿಯ ಹತ್ತಿರ ಓಡಿದಳು.

ಹಾಲ್ಬೆರಾ ಅಲ್ಲಿದ್ದಳು. ಸ್ತುರ್ಲಾನ ಸೋದರತ್ತೆ, ವಯಸ್ಸು ಎಂಬತ್ತು. ಯಾವ ಗಾಳಿ ಬೀಸಲಿ, ಹಿಮ ಬೀಳಲಿ, ದಿನಾ ನಾಲ್ಕು ಗಂಟೆಗೆ ತಲೆಗೆ ಉಣ್ಣೆಯ ಟೋಪಿ ಹಾಕಿಕೊಂಡು ಕುತ್ತಿಗೆಯವರೆಗೆ ಬಿಸಿನೀರಿನಲ್ಲಿ ಕೂರುವವಳು. ಎದುರಿಗೆ ಇಬ್ಬರು ಮುದುಕರು ಹಿಮದ ಮಾತಾಡುತ್ತಾ ಕೂತಿದ್ದರು.

"ಅತ್ತೆ, ಒಂದು ಮಾತು ಕೇಳ್ಬೇಕಿತ್ತು."

"ಕೂತ್ಕೊಂಡು ಕೇಳು. ಹಾಗೆ ಕೊಕ್ಕರೆ ಥರ ನಿಂತರೆ ನನ್ನ ಕತ್ತು ನೋಯುತ್ತೆ."

ಎಯ್ದಿಸ್ ಹಿಮದ ಮೇಲೇ ಮಂಡಿಯೂರಿದಳು. "ಕನಸಲ್ಲಿ ಹೆಸರು ಕೇಳೋಕೆ ಬರೋರು ಯಾವಾಗಲೂ ಸತ್ತವರೇ ಆಗಿರ್ತಾರಾ?"

ಮುದುಕರ ಮಾತು ಗಕ್ಕನೆ ನಿಂತಿತು. ಹಾಲ್ಬೆರಾ ಅವಳ ಮುಖ ನೋಡಿದಳು, ನಿಧಾನವಾಗಿ ಹೊಟ್ಟೆ ನೋಡಿದಳು, ಮತ್ತೆ ಮುಖ ನೋಡಿದಳು. ಆಗ ಎಯ್ದಿಸ್‌ಗೆ ತಾನು ಕೇಳಬಾರದ ಕಡೆ ಕೇಳಿಬಿಟ್ಟೆನೆಂದು ಹೊಳೆಯಿತು. ಈ ಊರಿನಲ್ಲಿ ಆ ಪ್ರಶ್ನೆಯನ್ನು ಬಸುರಿಯಲ್ಲದೆ ಬೇರೆ ಯಾರು ಕೇಳುತ್ತಾರೆ?

"ನೀವಿಬ್ಬರೂ ಆ ಕಡೆ ತೊಟ್ಟಿಗೆ ಹೋಗಿ" ಎಂದಳು ಹಾಲ್ಬೆರಾ ಮುದುಕರಿಗೆ. "ಅಲ್ಲಿ ನೀರು ಇನ್ನೂ ಬಿಸಿ ಇದೆ." ಅವರು ಎದ್ದು ಹೋದ ಮೇಲೆ ಅವಳು ಎಯ್ದಿಸ್‌ಳತ್ತ ತಿರುಗಿದಳು. "ಎಷ್ಟು ವಾರ?"

"ಏಳು."

"ಅವನಿಗೆ ಗೊತ್ತಾ?"

"ಇಲ್ಲ."

"ಆ ಇಬ್ಬರಿಗೆ ಗೊತ್ತಾಯ್ತು. ಅಂದ್ರೆ ಊಟದ ಹೊತ್ತಿಗೆ ಊರಿಗೆಲ್ಲ ಗೊತ್ತು. ಮೊದಲು ಅವನಿಗೆ ಹೇಳೋ ಆಸೆ ಇದ್ದರೆ ಬೇಗ ಹೇಳು."

"ಅವನು ಬಂದರೆ ತಾನೇ ಹೇಳೋದು" ಎನ್ನುತ್ತಾ ಎಯ್ದಿಸ್ ಅತ್ತೇಬಿಟ್ಟಳು. "ಬಂದಿದ್ದು ಅವನೇ ಅತ್ತೆ. ನಮ್ಮ ಬಾಗಿಲಲ್ಲಿ ನಿಂತಿದ್ದ. ಮೈಯೆಲ್ಲ ನೀರು. ದೋಣಿ ನಕ್ಷೇಲಿ ಕಾಣಿಸ್ತಿಲ್ಲ."

ಹಾಲ್ಬೆರಾ ಬಿಸಿನೀರಿನಿಂದ ಕೈ ತೆಗೆದು ಅವಳ ತಣ್ಣನೆಯ ಕೈ ಹಿಡಿದಳು.

"ಅವನೇ ಅಂತ ಹೇಗೆ ಹೇಳ್ತೀಯ? ನಮ್ಮನೆ ಗಂಡಸರೆಲ್ಲ ಒಂದೇ ಅಚ್ಚು. ಫೋಟೋದಲ್ಲಿ ನನಗೇ ಗುರುತು ಸಿಗಲ್ಲ. ಏನು ಹಾಕ್ಕೊಂಡಿದ್ದ?"

"ಮೈಮೇಲೆ ಏನಿತ್ತೋ ನೋಡಲಿಲ್ಲ. ಕೈ ನೋಡಿದೆ." ಅವಳು ಇನ್ನೊಂದು ಕೈಯ ಹೆಬ್ಬೆರಳು ಎತ್ತಿ ತೋರಿಸಿದಳು. "ಒಂದೊಂದು ಕೈಗೆ ಎರಡು ಹೆಬ್ಬೆರಳಿತ್ತು. ಸತ್ತ ಮೇಲೆ ಹಾಗಾಗುತ್ತೇನೋ."

ಹಾಲ್ಬೆರಾ ತನ್ನ ಅಂಗೈಯನ್ನು ತಿರುಗಿಸಿ ನೋಡಿದಳು. ಟೋಪಿಯ ಮೇಲೆ ಹಿಮ ಬೀಳುತ್ತಲೇ ಇತ್ತು.

"ಹುಚ್ಚಿ, ಅದು ಕೈಯಲ್ಲ, ಕೈಗವಸು" ಎಂದಳು ಕೊನೆಗೆ. "ಹಿಂದೆ ಹಾಗೇ ಹೆಣೀತಿದ್ದರು. ಹಗ್ಗ ಎಳೆದೂ ಎಳೆದೂ ಅಂಗೈ ಕಡೆ ಸವೆದರೆ ತಿರುಗಿಸಿ ಹಾಕ್ಕೊಳ್ಳಲಿ ಅಂತ ಎರಡು ಕಡೆಗೂ ಹೆಬ್ಬೆರಳು. ನಮ್ಮಮ್ಮ ಕೊನೇ ಜೊತೆ ಹೆಣೆದದ್ದು ನಮ್ಮಪ್ಪನಿಗೆ. ನನಗೆ ಆಗ ಹದಿನೈದು. ಅದನ್ನ ಹಾಕ್ಕೊಂಡೇ ಹೋದ, ಬರಲಿಲ್ಲ. ನಿನ್ನ ಹುಡುಗ ಅಂಗಡೀಲಿ ಸಿಗೋ ರಬ್ಬರಿನದು ಹಾಕ್ಕೋತಾನೆ. ನಿನ್ನ ಬಾಗಿಲಿಗೆ ಬಂದಿದ್ದವನು ನಮ್ಮಪ್ಪ."

ಎಯ್ದಿಸ್ ತಡೆಹಿಡಿದಿದ್ದ ಉಸಿರು ಬಿಟ್ಟಳು. ಆದರೆ ಮುದುಕಿಯ ಮುಖ ತಿಳಿಯಾಗಲಿಲ್ಲ. ಅವಳು ಗೋಡೆಯ ಆಚೆ, ಕತ್ತಲಾಗುತ್ತಿದ್ದ ಸಮುದ್ರವನ್ನು ನೋಡುತ್ತಿದ್ದಳು.

"ಏನತ್ತೆ?"

"ನಮ್ಮಪ್ಪ ಸಂಕೋಚದ ಮನುಷ್ಯ. ಇನ್ನೊಬ್ಬರ ತಟ್ಟೇಲಿರೋದನ್ನ ಕೇಳೋನಲ್ಲ. ಅವನು ಹೋದಾಗ ಅಮ್ಮ ಬಸುರಿ. ಮೂರನೇ ದಿನ ಕನಸಿಗೆ ಬಂದು ಹೆಸರು ಕೇಳಿದ, ನನ್ನ ತಮ್ಮನಿಗೆ ಇಟ್ಟರು. ಅವನೂ ಹೋದ. ಆಮೇಲೆ ನಿನ್ನ ಹುಡುಗನಿಗೆ ಇಟ್ಟರು. ಮೂವತ್ತೆರಡು ವರ್ಷ ಅಪ್ಪ ತೆಪ್ಪಗಿದ್ದ. ಈಗ ಬಂದಿದಾನೆ ಅಂದ್ರೆ..." ಅವಳು ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡಳು. "ಹೆಸರು ಖಾಲಿಯಾಗಿದೆ ಅಂತ ಅವನಿಗೆ ಗೊತ್ತಾಗಿದೆ."

ಎಯ್ದಿಸ್ ಜೇಬಿನಿಂದ ಫೋನು ತೆಗೆದು ಬುಧವಾರದ ಸಂದೇಶವನ್ನು ಅವಳ ಕಣ್ಣಿಗೆ ಹಿಡಿದಳು. ಹಾಲ್ಬೆರಾ ಎರಡು ಸಲ ಓದಿದಳು.

"ಕಾಗದದಲ್ಲಿ ಬಿಟ್ಟಿದಾನೆ" ಎಂದಳು. ಮುಖಕ್ಕೆ ರಕ್ತ ಬಂತು, ಹಿಂದೆಯೇ ಸಿಟ್ಟು ಬಂತು. "ನಮ್ಮಪ್ಪನ ಹೆಸರನ್ನ ಹಳೇ ಬೂಟು ಬಿಟ್ಟ ಹಾಗೆ ಬಿಟ್ಟನಾ? ಯಾರು ಹೇಳಿದರು ಅವನಿಗೆ?"

"ನಾನೇ. ಕಲ್ಲಿನ ಮೇಲೆ ಇಬ್ಬರು ಸ್ತುರ್ಲಾ ಇದ್ದರು. ಹೆದರಿಕೆ ಆಯ್ತು."

"ಅದೇ ಕಲ್ಲಿನ ಮೇಲೆ ಹನ್ನೊಂದು ಜನ ಯೋನ್ ಇದಾರೆ. ಎಣಿಸಿದೀಯಾ? ಊರಲ್ಲಿ ಇವತ್ತಿಗೂ ಆರು ಯೋನ್ ಇದಾರೆ. ಇಲ್ಲಿಂದ ಎದ್ದು ಹೋದನಲ್ಲ, ಅವನೂ ಯೋನೇ. ತೊಂಬತ್ತಕ್ಕೆ ಬಂತು, ಸಾಯೋ ಲಕ್ಷಣ ಇಲ್ಲ."

ಅಳುವಿನ ನಡುವೆ ಎಯ್ದಿಸ್‌ಗೆ ನಗು ಬಂದು ಬಿಕ್ಕಳಿಕೆಯಾಯಿತು. ಆದರೆ ಹೆದರಿಕೆ ಜಾಗ ಬಿಟ್ಟು ಕದಲಲಿಲ್ಲ. ಹೆಸರು ಖಾಲಿಯಾದದ್ದು ಕಾಗದದಲ್ಲೋ, ಸಮುದ್ರದಲ್ಲೋ? ಅದನ್ನು ಯಾರು ಹೇಳಬೇಕು? ಇಬ್ಬರೂ ಅದನ್ನೇ ಯೋಚಿಸುತ್ತಿದ್ದರು.

"ಬಂದರಿಗೆ ಹೋಗು" ಎಂದಳು ಹಾಲ್ಬೆರಾ. "ಹೆದರೋದೇ ಆದರೆ ದಡದಲ್ಲಿ ನಿಂತು ಹೆದರು. ನಮ್ಮಮ್ಮ ಹಾಗೇ ಮಾಡ್ತಿದ್ದಳು."

"ಅವರು ಕಾಯ್ತಿದ್ದವರು ಬಂದರಾ?"

"ನೂರಾರು ಸಲ ಬಂದ. ಒಂದು ಸಲ ಬರಲಿಲ್ಲ. ಕಲ್ಲಿನ ಮೇಲೆ ಆ ಒಂದನ್ನೇ ಕೆತ್ತುತ್ತಾರೆ." ಮುದುಕಿ ನೀರಿನಿಂದ ಎದ್ದಳು. "ಕೀಲಿ ಕೊಡೋ ಕೆಲಸ ನಾನು ನೋಡ್ಕೋತೀನಿ. ಬಟ್ಟೆ ಹಾಕ್ಕೊಂಡೇ ಕೂರ್ತೀನಿ, ಅದಕ್ಕೆ ಹೆದರಬೇಡ."

ಬಂದರಿನಲ್ಲಿ ಗಾಳಿ ನಿಲ್ಲಗೊಡುತ್ತಿರಲಿಲ್ಲ. ದೀಪದ ಕಂಬದ ಬುಡದಲ್ಲಿ ಆಗಲೇ ಇಬ್ಬರು ಹೆಂಗಸರು ನಿಂತಿದ್ದರು, ಲೋವಾದ ಮನೆಯವರೇ. ಒಬ್ಬಳು ಸರಿದು ಎಯ್ದಿಸ್‌ಗೆ ಗಾಳಿ ಮರೆಯಲ್ಲಿ ಜಾಗ ಕೊಟ್ಟಳು. ಐದಾಯಿತು, ಐದೂವರೆಯಾಯಿತು. ಎಯ್ದಿಸ್ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಅಜ್ಜನಿಗೋ ದೇವರಿಗೋ, ಒಂದೇ ಮಾತು ಹೇಳುತ್ತಿದ್ದಳು: ಕಾಗದದ್ದಾಗಿರಲಿ, ಕಾಗದದ್ದೇ ಆಗಿರಲಿ.

ಆರಕ್ಕೆ ಐದು ನಿಮಿಷವಿರುವಾಗ ಅಳಿವೆಯ ಹತ್ತಿರ ಬೆಳಕೊಂದು ಕಂಡಿತು. ಮುಳುಗಿತು. ಮತ್ತೆ ಕಂಡಿತು.

ಲೋವಾ ಹತ್ತಿರ ಬಂದಾಗ ಅದು ದೋಣಿಯ ಹಾಗಿರಲಿಲ್ಲ. ತಲೆಯಿಂದ ಕಾಲಿನವರೆಗೆ ಮಂಜುಗಡ್ಡೆ ಮೆತ್ತಿಕೊಂಡಿತ್ತು. ಆಂಟೆನಾ ಮಂಜಿನ ಭಾರಕ್ಕೆ ಮುರಿದು ತೂಗಾಡುತ್ತಿತ್ತು. ಚುಕ್ಕಿ ಮಾಯವಾದದ್ದು ಅದಕ್ಕೇ ಎಂದು ಯಾರೋ ಹೇಳಿದರು. ಎಯ್ದಿಸ್ ಕೇಳಿಸಿಕೊಳ್ಳಲಿಲ್ಲ. ಕಿತ್ತಳೆ ಅಂಗಿಗಳನ್ನು ಎಣಿಸುತ್ತಿದ್ದಳು. ಚುಕ್ಕಾಣಿಯಲ್ಲಿ ಒಬ್ಬ. ಹಗ್ಗ ಹಿಡಿದವನು ಒಬ್ಬ. ಅವನ ಹಿಂದೆ ಇನ್ನೊಬ್ಬ.

ಮೂರು.

ಮತ್ತೆ ಎಣಿಸಿದಳು. ಮೂರೇ. ಮೂವರಲ್ಲಿ ಯಾರಿಗೂ ಕೆಂಗಡ್ಡವಿರಲಿಲ್ಲ. ಆಮೇಲೆ ತಾನೇನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಅವಳು ದಡದ ಅಂಚಿಗೆ ಓಡಿ, ನಾಲ್ಕು ತಿಂಗಳು ನುಂಗಿಕೊಂಡಿದ್ದನ್ನು ಗಂಟಲು ಹರಿಯುವ ಹಾಗೆ ಕೂಗಿದಳು.

"ಸ್ತುರ್ಲಾ!"

ಗಾಳಿ ಹೆಸರನ್ನು ಹೊತ್ತುಕೊಂಡು ಹೋಯಿತು. ಉತ್ತರವಿಲ್ಲ. ಮತ್ತೆ ಕೂಗಿದಳು.

ದೋಣಿಯ ಹಿಂಭಾಗದಿಂದ ಠಕ್ ಠಕ್ ಎಂದು ಬಡಿಯುವ ಸದ್ದು ಬರುತ್ತಿತ್ತು. ಅದು ನಿಂತಿತು. ಚುಕ್ಕಾಣಿಯ ಕೋಣೆಯ ಆಚೆಯಿಂದ ಒಬ್ಬ ಎದ್ದು ನಿಂತ. ಕೈಯಲ್ಲಿ ಮಂಜು ಒಡೆಯುವ ಮರದ ಸುತ್ತಿಗೆ, ಗಡ್ಡದ ತುಂಬ ಬಿಳಿ. ದಡದತ್ತ ನೋಡಿದ.

"ಯಾರನ್ನ ಕರೀತಿದೀಯ?" ಎಂದು ಕೂಗಿದ. "ಆ ಹೆಸರಿನವರು ಈ ದೋಣೀಲಿ ಈಗ ಯಾರೂ ಇಲ್ಲ."

ಎಡಗಣ್ಣು ಮೊದಲು ಮುಚ್ಚಿತು.

ಅವನು ದಡಕ್ಕೆ ಹಾರುತ್ತಿದ್ದಂತೆ ಅವಳು ಎರಡೂ ಮುಷ್ಟಿಯಿಂದ ಅವನ ಎದೆಗೆ ಗುದ್ದಿದಳು. ಅಂಗಿಯಿಂದ ಮಂಜಿನ ಚೂರುಗಳು ಉದುರಿದವು. ಅವನು ಗುದ್ದಿಸಿಕೊಳ್ಳುತ್ತಾ ನಿಂತ. ಅವಳ ಒದ್ದೆ ಕೆನ್ನೆಗೆ ರಬ್ಬರಿನ ಕೈಗವಸು ತಾಗಿಸಿದ. ಒಂದೇ ಹೆಬ್ಬೆರಳು. ಅವಳು ಅದನ್ನು ಹಿಡಿದುಕೊಂಡು ನೋಡಿಯೇ ನೋಡಿದಳು.

"ನಾಳೆ ಆ ಅರ್ಜಿ ವಾಪಸ್ ತಗೋ."

"ನಿನಗೆ ಹೆದರಿಕೆ ಆಗುತ್ತೆ ಅಂತ ತಾನೇ ಹಾಕಿದ್ದು?"

"ಆಗುತ್ತೆ. ನಿನ್ನನ್ನ ಬಂಡೆ ಅಂತ ಕರೆದರೂ ಆಗುತ್ತೆ. ಇವತ್ತು ನೀನು ಕಾಣದೇ ಇದ್ದಾಗ ನನ್ನ ಬಾಯಿಗೆ ಬೇರೆ ಯಾವ ಹೆಸರು ಬಂತು ಹೇಳು?"

ನಾಲ್ಕು ತಿಂಗಳ ಬಳಿಕ ಅವಳ ಬಾಯಲ್ಲಿ ತನ್ನ ಹೆಸರು ಕೇಳಿದವನ ಮುಖ ಹೇಗಾಗಬೇಕೋ ಹಾಗಾಗಿತ್ತು.

"ಇನ್ನೊಂದು ವಿಷಯ" ಎಂದಳು. ಈ ಸಲ ಬಾಯಿ ಮುಚ್ಚಲಿಲ್ಲ. "ನಿಮ್ಮಜ್ಜ ಬಂದಿದ್ದರು."

"ಎಲ್ಲಿಗೆ?"

"ನನ್ನ ಕನಸಿಗೆ. ಮಧ್ಯಾಹ್ನ. ಎರಡು ಹೆಬ್ಬೆರಳಿನ ಕೈಗವಸು ಹಾಕ್ಕೊಂಡು. ಹೆಸರು ಕೇಳಿದರು."

"ಅಜ್ಜ ಯಾಕೆ..." ಎಂದು ಶುರು ಮಾಡಿದವನು ಅಲ್ಲೇ ನಿಂತ. ಈ ಊರಿನಲ್ಲಿ ಹುಟ್ಟಿದವನಲ್ಲವೇ. ಸುತ್ತಿಗೆ ಕೈಜಾರಿ ಬಿತ್ತು. "ಹೆಸರು ಕೇಳಿದರಾ? ನಿನ್ನನ್ನಾ?"

"ಹೂಂ. ನನ್ನನ್ನೇ."

ಆ ದೊಡ್ಡ ಆಳು ಹಗ್ಗ ಕಟ್ಟುವ ಗೂಟದ ಮೇಲೆ ಕುಸಿದು ಕೂತ. ಅವಳ ಎರಡೂ ಕೈ ಹಿಡಿದುಕೊಂಡು ಅವಳ ಕೋಟಿಗೆ ಹಣೆಯಾನಿಸಿದ. ಗಡ್ಡದ ಮಂಜು ಕರಗಿ ಕೋಟಿನ ಮೇಲೆ ಇಳಿಯಿತು. ಕರಗಿದ್ದು ಅದೊಂದೇ ಅಲ್ಲ.

"ಏನು ಹೇಳಿದೆ ಅವರಿಗೆ?"

"ಹೇಳೋ ಮೊದಲೇ ಎಚ್ಚರ ಆಯ್ತು. ಈಗ ಹೇಳ್ತೀನಿ. ಹೆಸರು ಖಾಲಿ ಇಲ್ಲ, ಒಬ್ಬ ಇದಾನೆ, ಅವನು ಬಿಡಲ್ಲ. ಗಂಡಾದರೆ ಅದೇ ಹೆಸರಿನಲ್ಲಿ ಅಪ್ಪನ ಪಕ್ಕ ಸ್ವಲ್ಪ ಜಾಗ ಮಾಡಿಕೊಡ್ತೀವಿ."

"ಹೆಣ್ಣಾದರೆ?"

"ಅಜ್ಜನ ಕಾಲಿಗೆ ಬಿದ್ದು ಕ್ಷಮೆ ಕೇಳೋಣ. ನನಗೆ ಫ್ರೊಸ್ಟ್‌ಸೋಲ್ ಇಷ್ಟ ಆಗಿದೆ."

"ಗೊತ್ತಿತ್ತು" ಎಂದ ಅವನು ಕೋಟಿನೊಳಗಿಂದಲೇ. "ಚಾಕು ನಿಂತಿತ್ತಲ್ಲ."

ಅವನು ಸೋಮವಾರ ಮತ್ತೆ ಹೋಗುತ್ತಾನೆಂದು ಅವಳಿಗೆ ಗೊತ್ತು. ಚುಕ್ಕಿ ಮತ್ತೆ ನಕ್ಷೆಯಲ್ಲಿ ಅಲೆಯುತ್ತದೆ, ಅವಳು ಮತ್ತೆ ಹೆದರುತ್ತಾಳೆ. ಅವನ ಬೆನ್ನಿನ ಹಿಂದೆ ಸಮುದ್ರ ಕಪ್ಪಗೆ ಏರಿ ಇಳಿಯುತ್ತಿತ್ತು. ಅವಳು ಅದನ್ನು ನೋಡಿದಳು, ಮತ್ತೆ ಅವನ ನೆತ್ತಿ ನೋಡಿದಳು.

"ಸ್ತುರ್ಲಾ" ಎಂದಳು. ಏನೂ ಹೇಳುವುದಿರಲಿಲ್ಲ, ಕರೆದಳು ಅಷ್ಟೇ.

"ಓ" ಎಂದ ಅವನು.